ಅಗ್ಗದ ಬೆಲೆಯ ಬಾಕಿ ಯಾರ ಲೆಕ್ಕಕ್ಕೆ?

ತಿಂಗಳ ಮೊದಲ ವಾರ ಪಿಂಚಣಿ ಖಾತೆಗೆ ಜಮೆಯಾದ ಮೇಲೆ, ತುಮಕೂರಿನ ರಿಯಾಯಿತಿ ದರದ ದೊಡ್ಡ ಮಳಿಗೆಯೊಂದಕ್ಕೆ ಹೋಗಿ ಮನೆಗೆ ಬೇಕಾದ ದಿನಸಿ ತರುವುದು ನನ್ನ ನಿವೃತ್ತ ಜೀವನದ ನಿಯಮಗಳಲ್ಲೊಂದು. ಕಳೆದ ಬಾರಿ ಬಿಲ್ಲಿನ ಮೊತ್ತ 2,140 ರೂ. ಆಗಿತ್ತು. ಅದರ ಕೆಳಗೆ, ಗರಿಷ್ಠ ಮಾರಾಟ ಬೆಲೆಗೆ ಹೋಲಿಸಿದರೆ ನಾನು 386 ರೂ. ಉಳಿಸಿದ್ದೇನೆಂದು ಅಚ್ಚಾಗಿತ್ತು. ಮನಸ್ಸಿಗೆ ಹಿತವೆನಿಸಿತು. ಬಿಲ್ಲು ಹರಿದುಕೊಟ್ಟ ಹುಡುಗಿಯ ಮಾತಿನ ಧಾಟಿ ಪರಿಚಿತವೆನಿಸಿ, ಯಾವ ಊರೆಂದು ಕೇಳಿದೆ. ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿಯ ಹೆಸರು ಹೇಳಿದಳು. ಮೂರು ದಶಕಗಳ ಹಿಂದೆ ಅದೇ ತಾಲ್ಲೂಕಿನಲ್ಲಿ ತಹಶೀಲ್ದಾರನಾಗಿದ್ದ ಸಲಿಗೆಯಿಂದ, 'ನಿಮ್ಮ ಮನೆಗೂ ಇಲ್ಲಿಂದಲೇ ಸಾಮಾನು ಕೊಂಡೊಯ್ಯುತ್ತೀಯೇನಮ್ಮ?' ಎಂದೆ. ಆಕೆ ನಕ್ಕು, 'ಇಲ್ಲ ಸಾರ್, ಇಲ್ಲಿ ಕೈಯಲ್ಲಿ ದುಡ್ಡಿರಬೇಕು. ಊರಿನ ಅಂಗಡಿಯಲ್ಲೇ ಬರೆಸಿ ತರುತ್ತೇವೆ' ಎಂದಳು.

ಬೆಳಗಿನಿಂದ ನಿಂತೇ ಇದ್ದ ಆ ಹುಡುಗಿಯ ಒಂದು ವಾಕ್ಯ, ಅರ್ಥಶಾಸ್ತ್ರದ ಸ್ನಾತಕೋತ್ತರ ಪದವಿಯನ್ನು ಹೊತ್ತು ತಿರುಗುವ ನನ್ನನ್ನು ಹಲವು ದಿನ ಕಾಡಿತು. ಅಗ್ಗದ ಬೆಲೆಯ ಮಳಿಗೆಯಲ್ಲಿ ದುಡಿಯುವವಳಿಗೆ ಆ ಅಗ್ಗದ ಬೆಲೆ ಎಟುಕುವುದಿಲ್ಲ. ತಿಂಗಳ ಕೊನೆಯ ವಾರಗಳಲ್ಲಿ ಅವಳ ಮನೆಯವರು ಹಳ್ಳಿಯ ಅಂಗಡಿಯಲ್ಲಿ ಹೆಚ್ಚಿನ ಬೆಲೆ ತೆತ್ತು, ಅದನ್ನೂ ಬಾಕಿಯ ಪುಸ್ತಕದಲ್ಲಿ ಬರೆಸುತ್ತಾರೆ. ನಗದು ಕೈಯಲ್ಲಿರುವ ನನಗೆ ರಿಯಾಯಿತಿ. ನಗದಿಲ್ಲದ ಅವಳಿಗೆ ಪೂರ್ಣ ಬೆಲೆ. ಹಾಗಾದರೆ ನನ್ನ 386 ರೂಪಾಯಿ ಉಳಿತಾಯ ಎಲ್ಲಿಂದ ಬಂತು? ಅದರಲ್ಲಿ ಎಷ್ಟು ಭಾಗ ವ್ಯಾಪಾರದ ಜಾಣ್ಮೆಯ ಫಲ, ಎಷ್ಟು ಭಾಗ ಅವಳ ಸಂಬಳದಿಂದ ಮುರಿದುಕೊಂಡದ್ದು?

ಮೊದಲೇ ಸ್ಪಷ್ಟಪಡಿಸಿಬಿಡುತ್ತೇನೆ. ನಾನು ಕಡಿಮೆ ಬೆಲೆಯ ವೈರಿಯಲ್ಲ. ಕೇಂದ್ರ ಸರ್ಕಾರದ 2023-24ರ ಗೃಹಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ದೇಶದ ಗ್ರಾಮೀಣ ಪ್ರದೇಶದಲ್ಲಿ ಒಬ್ಬ ವ್ಯಕ್ತಿಯ ಸರಾಸರಿ ಮಾಸಿಕ ವೆಚ್ಚ 4,122 ರೂ.; ನಗರದಲ್ಲಿ 6,996 ರೂ. ಹಳ್ಳಿಯವರು ಇದರಲ್ಲಿ ಶೇ 47ರಷ್ಟನ್ನು, ನಗರದವರು ಸುಮಾರು ಶೇ 40ರಷ್ಟನ್ನು ಆಹಾರಕ್ಕೇ ವ್ಯಯಿಸುತ್ತಾರೆ. ಖರ್ಚಿನ ಅರ್ಧದಷ್ಟು ಅಡುಗೆಮನೆಗೇ ಹೋಗುವ ಕುಟುಂಬಕ್ಕೆ ಬೇಳೆಯ ಬೆಲೆ ಹತ್ತು ರೂಪಾಯಿ ಇಳಿದರೂ ಅದು ಆದಾಯ ಹೆಚ್ಚಿದಂತೆಯೇ. ಕಡಿಮೆ ಬೆಲೆಯನ್ನು ಹೀಗಳೆಯುವುದು ಹೊಟ್ಟೆ ತುಂಬಿದವರ ವಿಲಾಸವಾದೀತು. ಆದ್ದರಿಂದ ಪ್ರಶ್ನೆ ಬೆಲೆ ಕಡಿಮೆ ಇರಬೇಕೇ ಎಂಬುದಲ್ಲ. ಯಾವ ದಾರಿಯಿಂದ ಕಡಿಮೆಯಾಯಿತು ಎಂಬುದು.

ಒಂದು ದಾರಿ ನ್ಯಾಯವಾದದ್ದು. ಸಗಟಾಗಿ ಕೊಂಡು, ಸರಬರಾಜುದಾರರಿಗೆ ಬೇಗ ಹಣ ಪಾವತಿಸಿ ಹೆಚ್ಚಿನ ರಿಯಾಯಿತಿ ಪಡೆದು, ಬಾಡಿಗೆಯನ್ನು ಉಳಿಸಿ, ಕಡಿಮೆ ಲಾಭಾಂಶಕ್ಕೆ ಹೆಚ್ಚು ಸರಕು ಮಾರುವುದು. 2002ರಲ್ಲಿ ಮುಂಬೈನ ಪೊವೈನಲ್ಲಿ ಮೊದಲ ಮಳಿಗೆ ತೆರೆದ ಡಿ-ಮಾರ್ಟ್ ಬೆಳೆದದ್ದು ಬಹುಮಟ್ಟಿಗೆ ಈ ಸೂತ್ರದ ಮೇಲೆ. ಮಳಿಗೆಯ ಕಟ್ಟಡವನ್ನು ಸಾಧ್ಯವಾದಷ್ಟೂ ಸ್ವಂತದ್ದಾಗಿಸಿಕೊಳ್ಳುವುದು, ಪೂರೈಕೆದಾರರನ್ನು ತಿಂಗಳುಗಟ್ಟಲೆ ಕಾಯಿಸದಿರುವುದು ಅದರ ಪದ್ಧತಿ. ಇಂಥ ಉಳಿತಾಯದಲ್ಲಿ ಯಾರ ತಟ್ಟೆಯ ಅನ್ನವೂ ಕಡಿಮೆಯಾಗುವುದಿಲ್ಲ. ವ್ಯಾಪಾರ ಜಾಣ್ಮೆಗೆ ಸಲ್ಲಬೇಕಾದ ಗೌರವ ಅದಕ್ಕೆ ಸಲ್ಲಬೇಕು.

ಎರಡನೆಯ ದಾರಿ ದುಡಿಯುವವರ ಕೂಲಿಯನ್ನು ಹಿಂಡುವುದು. ಮೇಲುನೋಟಕ್ಕೆ ಇವೆರಡನ್ನೂ ಬೇರ್ಪಡಿಸುವುದು ಕಷ್ಟ. ಬಿಲ್ಲಿನಲ್ಲಿ ಉಳಿತಾಯದ ಮೊತ್ತ ಅಚ್ಚಾಗುತ್ತದೆಯೇ ಹೊರತು ಅದರ ಮೂಲ ಅಚ್ಚಾಗುವುದಿಲ್ಲ. ಆದರೂ ಸ್ಥೂಲ ಲೆಕ್ಕವೊಂದು ಸಾಧ್ಯ. ನಾನು ಹೋಗುವ ಮಳಿಗೆ ಯಾವುದೆಂಬುದು ಇಲ್ಲಿ ಮುಖ್ಯವಲ್ಲ; ಷೇರುಪೇಟೆಯಲ್ಲಿರುವ ಕಂಪನಿಗಳ ಲೆಕ್ಕಪತ್ರ ಬಹಿರಂಗವಾಗಿರುವುದರಿಂದ ಡಿ-ಮಾರ್ಟ್ ನಡೆಸುವ ಅವೆನ್ಯೂ ಸೂಪರ್‌ಮಾರ್ಟ್ಸ್‌ನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. 2024-25ರಲ್ಲಿ ಅದರ ವಹಿವಾಟಿನ ವರಮಾನ 59,358 ಕೋಟಿ ರೂ.; ನಿವ್ವಳ ಲಾಭ 2,707 ಕೋಟಿ ರೂ. ಅಂದರೆ ನೂರು ರೂಪಾಯಿ ವ್ಯಾಪಾರಕ್ಕೆ ಸುಮಾರು ನಾಲ್ಕೂವರೆ ರೂಪಾಯಿ ಲಾಭ. ಸಿಬ್ಬಂದಿ ವೆಚ್ಚ ನೂರಕ್ಕೆ ಎರಡು ರೂಪಾಯಿಯ ಆಸುಪಾಸು.

ಗುತ್ತಿಗೆ ಕೆಲಸಗಾರರ ವೆಚ್ಚ ಬೇರೆ ಶೀರ್ಷಿಕೆಯಡಿ ಬರುವುದುಂಟು. ಅದನ್ನೂ ಸೇರಿಸಿ ಈ ಬಗೆಯ ಮಳಿಗೆಯಲ್ಲಿ ನೂರಕ್ಕೆ ನಾಲ್ಕು ರೂಪಾಯಿ ಕೂಲಿ ಎಂದೇ ಇಟ್ಟುಕೊಳ್ಳೋಣ. ಎಲ್ಲರ ಸಂಬಳವನ್ನೂ ಕಾಲು ಭಾಗ ಏರಿಸಿ, ಲಾಭದಿಂದ ಒಂದು ಕಾಸೂ ತೆಗೆಯದೆ ಇಡೀ ಹೊರೆಯನ್ನು ಗ್ರಾಹಕನ ತಲೆಗೇ ಕಟ್ಟಿದರೂ ನೂರಕ್ಕೆ ಒಂದು ರೂಪಾಯಿ ಹೆಚ್ಚಾದೀತು. ನನ್ನ ಬಿಲ್ಲಿನಲ್ಲಿ ಅದು 21 ರೂ. ನನ್ನ ಉಳಿತಾಯ 386ರಿಂದ 365ಕ್ಕೆ ಇಳಿಯುತ್ತಿತ್ತು; ನಾನು ಗಮನಿಸುತ್ತಲೂ ಇರಲಿಲ್ಲ. ಆದರೆ ಸಂಬಳದಲ್ಲಿ ಕಾಲು ಭಾಗದ ಏರಿಕೆ ಆ ಹುಡುಗಿಯ ಮನೆಯ ಬಾಕಿ ಪುಸ್ತಕವನ್ನೇ ಮುಚ್ಚಿಸಬಲ್ಲದು. ಅಗ್ಗದ ಬೆಲೆಗೆ ಕಡಿಮೆ ಕೂಲಿ ಅನಿವಾರ್ಯವೆಂಬ ವಾದ ಅಂಕಿಗಳ ಮುಂದೆ ನಿಲ್ಲುವುದಿಲ್ಲ. ರಿಯಾಯಿತಿಯ ಬಹುಪಾಲು ಬೇರೆಡೆಯಿಂದ ಬರುತ್ತದೆ. ಕೂಲಿಯಿಂದ ಹಿಂಡುವ ಪಾಲು ಗ್ರಾಹಕನಿಗೆ ಅಲ್ಪ, ಕೆಲಸಗಾರನಿಗೆ ಅಪಾರ.

ಇಲ್ಲಿ ಸಣ್ಣ ಅಂಗಡಿಗಳನ್ನು ಆದರ್ಶವಾಗಿ ಎತ್ತಿ ಹಿಡಿಯುವ ಪ್ರಲೋಭನೆಯಿಂದ ಪಾರಾಗಬೇಕು. ಗುಬ್ಬಿಯ ಪೇಟೆಯಲ್ಲಿ ನನಗೆ ಪರಿಚಿತರಾದ ಹಿರಿಯ ಕಿರಾಣಿ ವ್ಯಾಪಾರಿಯೊಬ್ಬರಿದ್ದಾರೆ. 'ಆ ಮಳಿಗೆಯವರು ಮಾರುವ ದರ ನಾನು ಮಂಡಿಪೇಟೆಯಲ್ಲಿ ಕೊಳ್ಳುವ ದರಕ್ಕಿಂತ ಕಡಿಮೆ. ಈಗ ನಾನೂ ಸೋಪು, ಎಣ್ಣೆ ಅಲ್ಲಿಂದಲೇ ತಂದು ಇಲ್ಲಿ ಮಾರುತ್ತೇನೆ' ಎಂದು ಅವರು ಸಂಕೋಚದಿಂದಲೇ ಹೇಳಿದರು. ಅವರ ಅಂಗಡಿಯಲ್ಲಿ ಇಬ್ಬರು ಹುಡುಗರು ದುಡಿಯುತ್ತಾರೆ. ಅವರಿಗೆ ಎಷ್ಟು ಕೊಡುತ್ತೀರಿ ಎಂದು ಕೇಳಿದಾಗ ಅವರು ಮಾತು ಬದಲಿಸಿದರು. ಭವಿಷ್ಯ ನಿಧಿ, ಇಎಸ್‌ಐ ಎಂಬ ಶಬ್ದಗಳು ಆ ಅಂಗಡಿಯ ಹೊಸ್ತಿಲು ದಾಟಿದಂತಿರಲಿಲ್ಲ. ಕಾಯಂ ಸಿಬ್ಬಂದಿಯ ಮಟ್ಟಿಗಾದರೂ ದೊಡ್ಡ ಮಳಿಗೆ ಅವನ್ನು ಕೊಡುತ್ತದೆ. 2008ರಲ್ಲಿ ದೆಹಲಿಯ ಐಸಿಆರ್‌ಐಇಆರ್ ಸಂಸ್ಥೆ ನಡೆಸಿದ ಅಧ್ಯಯನವೂ ದೊಡ್ಡ ಮಳಿಗೆ ಬಂದಾಗ ಸುತ್ತಲಿನ ಸಣ್ಣ ಅಂಗಡಿಗಳ ವ್ಯಾಪಾರ ಕುಸಿಯುತ್ತದೆ, ಕಾಲಕ್ರಮೇಣ ಆ ಹೊಡೆತದ ತೀವ್ರತೆ ತಗ್ಗುತ್ತದೆ, ಕಡಿಮೆ ಆದಾಯದ ಗ್ರಾಹಕರಿಗೆ ಉಳಿತಾಯ ಹೆಚ್ಚು ಎಂದೇ ಕಂಡುಕೊಂಡಿತ್ತು. ಆದ್ದರಿಂದ ದೊಡ್ಡದು ಕೆಟ್ಟದ್ದು, ಸಣ್ಣದು ಒಳ್ಳೆಯದು ಎಂಬ ಸರಳ ಸಮೀಕರಣ ನಮಗೆ ದಾರಿ ತೋರದು. ಆದರೆ ದೊಡ್ಡವರಿಗೆ ಕೊಡುವ ಶಕ್ತಿ ಇದೆ. ಶಕ್ತಿ ಇರುವಲ್ಲಿ ಹೊಣೆಯೂ ಹೆಚ್ಚು.

ಮಳಿಗೆಯ ಒಳಗಿನ ಕೂಲಿಯಷ್ಟೇ ಅಲ್ಲ, ಕಪಾಟಿನಲ್ಲಿರುವ ಸರಕಿನ ಹಿಂದಿನ ಕೂಲಿಯೂ ಇಲ್ಲಿ ಮುಖ್ಯ. ಅದನ್ನು ನೋಡಲು ನನ್ನ ಹುಟ್ಟೂರಾದ ಕುಣಿಗಲ್ ಕಡೆ ಬರಬೇಕು. ಬೆಳಗಿನ ಜಾವ ಹೆದ್ದಾರಿಯ ಬದಿಯಲ್ಲಿ ನಿಂತರೆ, ಊಟದ ಡಬ್ಬಿ ಹಿಡಿದ ಹೆಣ್ಣುಮಕ್ಕಳನ್ನು ತುಂಬಿಕೊಂಡ ವಾಹನಗಳು ನೆಲಮಂಗಲ, ಪೀಣ್ಯದ ದಿಕ್ಕಿಗೆ ಸಾಗುವುದು ಕಾಣುತ್ತದೆ. ಕೆರೆಯ ಕೆಳಗಿನ ಗದ್ದೆಗೆ ಹೋಗುತ್ತಿದ್ದವರ ಮೊಮ್ಮಕ್ಕಳು ಇಂದು ಸಿದ್ಧ ಉಡುಪಿನ ಕಾರ್ಖಾನೆಗೆ ಹೋಗುತ್ತಿದ್ದಾರೆ. ಅಲ್ಲಿ ಹೊಲಿದ ಅಂಗಿಗಳು ಯೂರೋಪು, ಅಮೆರಿಕದ ರಿಯಾಯಿತಿ ಮಳಿಗೆಗಳಿಗೂ ಹೋಗುತ್ತವೆ. ನಮ್ಮ ನಗರಗಳ ಮಳಿಗೆಗಳಿಗೂ ಬರುತ್ತವೆ.

ಈ ಹೆಣ್ಣುಮಕ್ಕಳ ವಿಷಯದಲ್ಲಿ 2020ರಲ್ಲಿ ನಡೆದದ್ದನ್ನು ನಾವು ಮರೆಯಬಾರದು. ಕನಿಷ್ಠ ವೇತನದ ಭಾಗವಾದ ವ್ಯತ್ಯಾಸದ ತುಟ್ಟಿಭತ್ಯೆ ಆ ವರ್ಷದ ಏಪ್ರಿಲ್‌ನಿಂದ ತಿಂಗಳಿಗೆ ಸುಮಾರು 417 ರೂ. ಹೆಚ್ಚಬೇಕಿತ್ತು. ಉದ್ಯಮದ ಕೋರಿಕೆಗೆ ಮಣಿದು ರಾಜ್ಯ ಸರ್ಕಾರ ಅದನ್ನು ಒಂದು ವರ್ಷ ಮುಂದೂಡಿತು. ಕಾರ್ಮಿಕ ಸಂಘಟನೆಗಳು ನ್ಯಾಯಾಲಯದ ಮೆಟ್ಟಿಲೇರಿದವು. ಅದೇ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಭತ್ಯೆಯನ್ನು ಬಾಕಿ ಸಹಿತ ಪಾವತಿಸಬೇಕೆಂದು ಹೇಳಿತು. ಆದರೂ ಸಾವಿರಕ್ಕೂ ಹೆಚ್ಚು ಕಾರ್ಖಾನೆಗಳ ನಾಲ್ಕು ಲಕ್ಷಕ್ಕೂ ಮಿಕ್ಕ ಕೆಲಸಗಾರರಿಗೆ ಅದು ದಕ್ಕಲಿಲ್ಲ. ಅಂತಾರಾಷ್ಟ್ರೀಯ ಖರೀದಿದಾರ ಕಂಪನಿಗಳ ಮೇಲೆ ಒತ್ತಡ ಬಂದ ಮೇಲೆ, 2022ರ ಆರಂಭದ ಹೊತ್ತಿಗೆ ದೊಡ್ಡ ಕಾರ್ಖಾನೆಗಳು ಬಾಕಿ ಕೊಡಲು ಒಪ್ಪಿದವು.

ಈ 417 ರೂಪಾಯಿಯ ತೂಕವೆಷ್ಟು? ತಿಂಗಳಿಗೆ 26 ಕೆಲಸದ ದಿನಗಳಾದರೆ ದಿನಕ್ಕೆ 16 ರೂ. ನಲವತ್ತು ಜನರ ಒಂದು ಸಾಲು ದಿನಕ್ಕೆ 600 ಅಂಗಿ ಹೊಲಿಯುತ್ತದೆಂದು ಭಾವಿಸಿದರೆ, ಒಂದು ಅಂಗಿಗೆ ಬೀಳುವ ಹೆಚ್ಚುವರಿ ವೆಚ್ಚ ಒಂದು ರೂಪಾಯಿ ಏಳು ಪೈಸೆ. ಅಂಗಿಯ ಬೆಲೆಯಲ್ಲಿ ಅದು ಗುಂಡಿಯ ತೂಕವೂ ಅಲ್ಲ. ಆಗ ಸರ್ಕಾರಿ ನೌಕರರ ಮತ್ತು ನಮ್ಮಂಥ ಪಿಂಚಣಿದಾರರ ತುಟ್ಟಿಭತ್ಯೆಯೂ ತಡೆಹಿಡಿಯಲ್ಪಟ್ಟಿತ್ತು ಎಂಬುದು ನಿಜ. ಆದರೆ ನಮ್ಮ ಮನೆಗಳಲ್ಲಿ ಹಾಲಿನ ಪ್ರಮಾಣವೇನೂ ತಗ್ಗಲಿಲ್ಲ. ತಿಂಗಳಿಗೆ ಹತ್ತು ಸಾವಿರ ಮುಟ್ಟದ ಸಂಬಳದವರಿಗೆ 417 ರೂಪಾಯಿ ಎಂದರೆ ಮಗುವಿನ ಔಷಧಿ, ಶಾಲೆಯ ಪುಸ್ತಕ. 2013ರ ಏಪ್ರಿಲ್ 24ರಂದು ಢಾಕಾ ಸಮೀಪದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಉಡುಪು ಕೆಲಸಗಾರರು ಸತ್ತಾಗ, ಅಗ್ಗದ ಅಂಗಿಯ ನಿಜವಾದ ಬೆಲೆಯ ಬಗ್ಗೆ ಜಗತ್ತು ಬೆಚ್ಚಿ ಮಾತನಾಡಿತು. ಕುಸಿಯದ ಕಟ್ಟಡಗಳಲ್ಲಿ ದಿನಕ್ಕೆ ಹದಿನಾರು ರೂಪಾಯಿಯಂತೆ ಸೋರಿಹೋಗುವ ಬದುಕಿನ ಬಗ್ಗೆ ಅಂಥ ಮಾತು ಏಳುವುದಿಲ್ಲ.

ಅಗ್ಗದ ಬೆಲೆಗೆ ಮೂರನೆಯ ದಾರಿಯೊಂದಿದೆ. ಅದು ಸರ್ಕಾರದ ಬೊಕ್ಕಸ. ಗುಬ್ಬಿಯ ಆ ಹುಡುಗಿ 2023ರ ಜೂನ್‌ನಲ್ಲಿ ಆರಂಭವಾದ 'ಶಕ್ತಿ' ಯೋಜನೆಯಿಂದಾಗಿ ಉಚಿತವಾಗಿ ಬಸ್ಸಿನಲ್ಲಿ ತುಮಕೂರಿಗೆ ಬರುತ್ತಾಳೆ. ಅದೇ ವರ್ಷದ ಆಗಸ್ಟ್‌ನಲ್ಲಿ ಬಂದ 'ಗೃಹಲಕ್ಷ್ಮಿ'ಯ 2,000 ರೂ. ಅಂಥ ಮನೆಯ ಯಜಮಾನಿಗೆ ಸಂದಾಯವಾಗಬೇಕು. ಪಡಿತರದ ಅಕ್ಕಿಯೂ ಇದೆ. ಈ ಯೋಜನೆಗಳನ್ನು 'ಬಿಟ್ಟಿ ಭಾಗ್ಯ' ಎಂದು ಹಂಗಿಸುವ ನನ್ನ ಅನೇಕ ಗೆಳೆಯರೊಡನೆ ನಾನು ಸಹಮತನಲ್ಲ. ಆದರೆ ಒಂದು ಮಾತನ್ನು ಅವರೂ ನಾನೂ ಒಟ್ಟಾಗಿ ಯೋಚಿಸಬೇಕು. ಪೂರ್ಣಾವಧಿ ದುಡಿಯುವ ವ್ಯಕ್ತಿಯ ಕುಟುಂಬ ಸರ್ಕಾರದ ನೆರವಿಲ್ಲದೆ ಬದುಕಲಾರದೆಂದಾದರೆ, ಆ ನೆರವಿನ ಒಂದು ಭಾಗ ವಾಸ್ತವದಲ್ಲಿ ಸಲ್ಲುವುದು ಅವಳಿಗಲ್ಲ, ಅವಳ ಮಾಲೀಕನಿಗೆ. ಅವನು ಕೊಡದೆ ಉಳಿಸಿದ್ದನ್ನು ತೆರಿಗೆದಾರ ತುಂಬಿಕೊಡುತ್ತಾನೆ. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಎಂಬ ಗಾದೆಯನ್ನು ನಾವು ಬಡವರತ್ತ ಬೊಟ್ಟು ಮಾಡಲು ಬಳಸುತ್ತೇವೆ. ಅದು ಅನ್ವಯಿಸುವುದು ಬೇರೆಯವರಿಗೆ.

ಇದು ಕೇವಲ ತರ್ಕವಲ್ಲ. ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಕಚೇರಿ 2020ರಲ್ಲಿ ಹಲವು ರಾಜ್ಯಗಳ ಮಾಹಿತಿಯನ್ನು ಪರಿಶೀಲಿಸಿದಾಗ, ಸರ್ಕಾರದ ಆಹಾರ ನೆರವು ಹಾಗೂ ವೈದ್ಯಕೀಯ ನೆರವು ಪಡೆಯುತ್ತಿದ್ದ ದುಡಿಯುವ ಜನರನ್ನು ಅತಿ ಹೆಚ್ಚು ಸಂಖ್ಯೆಯಲ್ಲಿ ನೇಮಿಸಿಕೊಂಡಿದ್ದ ಸಂಸ್ಥೆಗಳ ಸಾಲಿನಲ್ಲಿ ವಾಲ್‌ಮಾರ್ಟ್ ಎದ್ದು ಕಂಡಿತು. ಅಗ್ಗದ ದರಕ್ಕೆ ಜಗತ್ಪ್ರಸಿದ್ಧವಾದ ಮಳಿಗೆಯ ನೌಕರರು ಸರ್ಕಾರದ ಚೀಟಿಯಿಂದ ಊಟ ಮಾಡುತ್ತಿದ್ದರು. ಗ್ರಾಹಕ ಕಟ್ಟೆಯಲ್ಲಿ ಉಳಿಸಿದ್ದನ್ನು ತೆರಿಗೆಯಲ್ಲಿ ತೆರುತ್ತಿದ್ದ.

ಇಷ್ಟೆಲ್ಲ ಬರೆಯುವ ನನಗೆ ನೈತಿಕ ಅಧಿಕಾರವೇನು ಎಂದು ಓದುಗರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಸೇವೆಯಲ್ಲಿದ್ದಾಗ ಒಂದು ಕಚೇರಿಯ ಮುಖ್ಯಸ್ಥನಾಗಿ ಸ್ವಚ್ಛತೆ ಮತ್ತು ಕಾವಲು ಕೆಲಸಕ್ಕೆ ಟೆಂಡರ್ ಕರೆದಿದ್ದೆ. ಆರು ಮಂದಿ ದರ ನಮೂದಿಸಿದ್ದರು. ಅತಿ ಕಡಿಮೆ ದರದವನ ಮೊತ್ತವನ್ನು ಕೆಲಸಗಾರರ ಸಂಖ್ಯೆಯಿಂದ ಭಾಗಿಸಿದರೆ, ಒಬ್ಬರಿಗೆ ಬೀಳುತ್ತಿದ್ದ ಹಣ ಆಗಿನ ಕನಿಷ್ಠ ವೇತನಕ್ಕಿಂತ ಕಡಿಮೆ. ಭವಿಷ್ಯ ನಿಧಿ, ಗುತ್ತಿಗೆದಾರನ ಲಾಭ ಎಲ್ಲವೂ ಅದರೊಳಗೇ. ಈ ಭಾಗಾಕಾರಕ್ಕೆ ಎಂ.ಎ. ಪದವಿ ಬೇಕಿಲ್ಲ. ನಾನು ಮಾಡಿದ್ದಿಷ್ಟು: ಕನಿಷ್ಠ ವೇತನ ನೀಡುವುದಾಗಿ ಗುತ್ತಿಗೆದಾರನಿಂದ ಒಂದು ಮುಚ್ಚಳಿಕೆ ಬರೆಸಿಕೊಂಡು, ಕಡತಕ್ಕೆ ಸೇರಿಸಿ, ಸಹಿ ಹಾಕಿದೆ. ಎರಡನೆಯ ದರದವನಿಗೆ ಕೊಟ್ಟಿದ್ದರೆ ಲೆಕ್ಕಪರಿಶೋಧಕರ ಆಕ್ಷೇಪಣೆ ಬರುತ್ತಿತ್ತು. ಮೊದಲನೆಯವನಿಗೆ ಕೊಟ್ಟದ್ದಕ್ಕೆ ಪರಿಶೀಲನಾ ಸಭೆಯಲ್ಲಿ ಮೆಚ್ಚುಗೆ ಬಂತು. ಕೆಲವು ತಿಂಗಳ ನಂತರ ನೆಲ ಒರೆಸುವ ಹೆಂಗಸೊಬ್ಬಳು ಸಂಬಳದ ಬಗ್ಗೆ ದೂರಲು ನನ್ನ ಕೊಠಡಿಯ ಬಾಗಿಲಲ್ಲಿ ನಿಂತಾಗ, 'ಅದು ಗುತ್ತಿಗೆದಾರನಿಗೂ ನಿನಗೂ ಸಂಬಂಧಿಸಿದ ವಿಷಯ' ಎಂದು ಕಳುಹಿಸಿದೆ. ಸರ್ಕಾರವೂ ಒಬ್ಬ ಗ್ರಾಹಕ, ಅತ್ಯಂತ ದೊಡ್ಡ ರಿಯಾಯಿತಿ ಗ್ರಾಹಕ. ಅದರ ಪರವಾಗಿ ಬಿಲ್ಲಿಗೆ ಸಹಿ ಹಾಕಿದವನು ನಾನು. ಆ ಮುಚ್ಚಳಿಕೆ ಪತ್ರ ಸುಳ್ಳೆಂದು ಬರೆದವನಿಗೂ ಗೊತ್ತಿತ್ತು, ಬರೆಸಿಕೊಂಡವನಿಗೂ ಗೊತ್ತಿತ್ತು.

ಈ ಅನುಭವದಿಂದ ನಾನು ಕಲಿತ ಪಾಠವೆಂದರೆ, ಇಂಥ ವಿಷಯವನ್ನು ವ್ಯಕ್ತಿಯ ಆತ್ಮಸಾಕ್ಷಿಗೆ ಬಿಟ್ಟರೆ ಆಗುವುದಿಲ್ಲ. ಅಧಿಕಾರಿ ಲೆಕ್ಕಪರಿಶೋಧನೆಗೆ ಹೆದರುತ್ತಾನೆ. ವ್ಯಾಪಾರಿ ಪಕ್ಕದ ಮಳಿಗೆಗೆ ಹೆದರುತ್ತಾನೆ. ಗ್ರಾಹಕ ತಿಂಗಳ ಬಜೆಟ್ಟಿಗೆ ಹೆದರುತ್ತಾನೆ. ನಾನು ನಾಳೆಯಿಂದ ಆ ಮಳಿಗೆಗೆ ಹೋಗುವುದನ್ನು ಬಿಟ್ಟರೆ ಆ ಹುಡುಗಿಯ ಸಂಬಳ ಹೆಚ್ಚುವುದಿಲ್ಲ. ಅವಳ ಕೆಲಸ ಹೋದೀತು. ಹೆಚ್ಚಿನ ಬೆಲೆ ತೆರುವ ಅಂಗಡಿಗೆ ಹೋದರೂ ಆ ಹೆಚ್ಚುವರಿ ಹಣ ಕೆಲಸಗಾರನಿಗೆ ತಲುಪುತ್ತದೆಂಬ ಖಾತರಿಯಿಲ್ಲ. ಖಾತರಿಯಿದ್ದಾಗ ನಮ್ಮ ಜನ ಬೆಲೆ ಏರಿಕೆಯನ್ನು ಸಹಿಸಿಕೊಳ್ಳುತ್ತಾರೆ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲಿನ ಬೆಲೆ ಲೀಟರಿಗೆ 4 ರೂ. ಹೆಚ್ಚಿತು. ಗೊಣಗಾಟ ಇರಲಿಲ್ಲವೆಂದಲ್ಲ. ಆದರೆ ಹೆಚ್ಚಳ ಹಾಲು ಉತ್ಪಾದಕರಿಗೆ ಹೋಗುತ್ತದೆಂದು ಸರ್ಕಾರ ಹೇಳಿತು. ಗುಬ್ಬಿಯ ಅಥವಾ ಕುಣಿಗಲ್‌ನ ಹಳ್ಳಿಯ ಡೇರಿಯಲ್ಲಿ ಬಟವಾಡೆ ಚೀಟಿ ನೋಡಿದರೆ ಅದು ಬಂತೋ ಇಲ್ಲವೋ ಎಂಬುದು ಗೊತ್ತಾಗುತ್ತದೆ. ಸಹಕಾರಿ ವ್ಯವಸ್ಥೆಯಲ್ಲಿ ನೂರೆಂಟು ದೋಷಗಳಿರಬಹುದು. ಆದರೆ ಗ್ರಾಹಕ ಕೊಟ್ಟ ರೂಪಾಯಿ ಯಾರಿಗೆ ತಲುಪಿತೆಂಬ ಪ್ರಶ್ನೆಗೆ ಅಲ್ಲಿ ಉತ್ತರ ಹುಡುಕುವುದು ಸಾಧ್ಯ. ಮಳಿಗೆಯ ಕೂಲಿಯ ವಿಷಯದಲ್ಲಿ ಆ ಖಾತರಿಯನ್ನು ಕೊಡಬಲ್ಲದ್ದು ಕನಿಷ್ಠ ವೇತನದ ಕಾನೂನೊಂದೇ. ಅದು ಎಲ್ಲ ಮಳಿಗೆಗಳಿಗೂ ಒಂದೇ ಬಾರಿಗೆ ಅನ್ವಯಿಸುವುದರಿಂದ, ನ್ಯಾಯವಾಗಿ ಸಂಬಳ ಕೊಡುವವನು ಪಕ್ಕದವನಿಗೆ ಸೋಲಬೇಕಾಗಿಲ್ಲ.

ಕನಿಷ್ಠ ವೇತನ ಎಷ್ಟಿರಬೇಕೆಂಬುದಕ್ಕೆ ಈ ದೇಶದಲ್ಲಿ ಅಳತೆಗೋಲು ಇಲ್ಲದಿಲ್ಲ. 1957ರ ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಳನ ಅದನ್ನು ಹಾಕಿಕೊಟ್ಟಿತು: ಕುಟುಂಬಕ್ಕೆ ಮೂರು ಅನುಭೋಗ ಘಟಕ, ವಯಸ್ಕನೊಬ್ಬನಿಗೆ 2,700 ಕ್ಯಾಲೊರಿ ಆಹಾರ, ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಇಂಧನ ಮತ್ತಿತರ ಬಾಬ್ತುಗಳಿಗೆ ಶೇ 20. ಮಕ್ಕಳ ಶಿಕ್ಷಣ, ವೈದ್ಯಕೀಯ ವೆಚ್ಚ, ವೃದ್ಧಾಪ್ಯದಂಥ ಬಾಬ್ತುಗಳಿಗೆ ಇನ್ನೂ ಶೇ 25 ಸೇರಬೇಕೆಂದು 1991ರಲ್ಲಿ ರೆಪ್ಟಕೋಸ್ ಬ್ರೆಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕೇಂದ್ರದ ಏಳನೆಯ ವೇತನ ಆಯೋಗ ತನ್ನ ನೌಕರರಿಗೆ 18,000 ರೂ. ಕನಿಷ್ಠ ಮೂಲ ವೇತನ ನಿಗದಿಪಡಿಸಿದ್ದು ಇದೇ ಅಳತೆಗೋಲನ್ನು ಆಧರಿಸಿ. ಅದು 2016ರ ಜನವರಿಯಿಂದ ಜಾರಿಗೆ ಬಂತು. ನಮ್ಮ ರಾಜ್ಯದಲ್ಲಿ ಏಳನೆಯ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್‌ನಿಂದ ಸರ್ಕಾರಿ ನೌಕರನ ಕನಿಷ್ಠ ಮೂಲ ವೇತನ 27,000 ರೂ. ಆಯಿತು. ಅದರ ಫಲ ನನ್ನ ಪಿಂಚಣಿಗೂ ದಕ್ಕಿದೆ. ನಮ್ಮ ಹೊಟ್ಟೆಗೆ ಹಿಡಿದ ಗಜಕಡ್ಡಿಯನ್ನು ಮಳಿಗೆಯ ಹುಡುಗಿಯ ಹೊಟ್ಟೆಗೂ ಹಿಡಿಯಿರಿ ಎಂದರೆ ಮಾತ್ರ ಆರ್ಥಿಕತೆಗೆ ಅಪಾಯ ಎದುರಾಗುತ್ತದೆ!

2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಹಲವು ಉದ್ಯೋಗ ವರ್ಗಗಳನ್ನು ಒಗ್ಗೂಡಿಸಿ ಕನಿಷ್ಠ ವೇತನ ಪರಿಷ್ಕರಣೆಯ ಕರಡು ಅಧಿಸೂಚನೆ ಹೊರಡಿಸಿದಾಗ, ಅಕುಶಲ ಕೆಲಸಗಾರರಿಗೆ ವಲಯಕ್ಕೆ ತಕ್ಕಂತೆ ಸುಮಾರು 19,300ರಿಂದ 23,300 ರೂ.ವರೆಗೆ ಪ್ರಸ್ತಾಪಿಸಿತು. ಇದು ಹೊರಲಾರದ ಹೊರೆಯೆಂದು ಉದ್ಯಮ ಸಂಘಟನೆಗಳು ಆಕ್ಷೇಪಿಸಿದವು. ಅದೇ ವರ್ಷದ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ವೇತನ ಸಂಹಿತೆಯ ಪ್ರಕಾರ ಕನಿಷ್ಠ ವೇತನ ಎಲ್ಲ ಉದ್ಯೋಗಗಳಿಗೂ ಅನ್ವಯಿಸುತ್ತದೆ. ಸಾಮಾನ್ಯವಾಗಿ ಐದು ವರ್ಷಗಳೊಳಗೆ ಅದರ ಪರಿಶೀಲನೆ ಆಗಬೇಕು. ಇದು ಸ್ವಾಗತಾರ್ಹ. ಆದರೆ ಅದೇ ಸಂಹಿತೆಯಲ್ಲಿ ಕಾರ್ಮಿಕ ನಿರೀಕ್ಷಕ 'ನಿರೀಕ್ಷಕ ಮತ್ತು ಸೌಲಭ್ಯಕಾರ' ಆಗಿದ್ದಾನೆ. ಅವನು ಯಾರಿಗೆ ಸೌಲಭ್ಯಕಾರನಾಗುತ್ತಾನೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಕೂಲಿ ಏರಿದರೆ ಮಳಿಗೆಗಳು ಮುಚ್ಚುತ್ತವೆ, ಉದ್ಯೋಗ ಹೋಗುತ್ತದೆ ಎಂಬ ವಾದವನ್ನು ಹಗುರವಾಗಿ ಪರಿಗಣಿಸಬಾರದು. ವಿಪರೀತ ಏರಿಸಿದರೆ ಸಣ್ಣ ಉದ್ಯಮಗಳಿಗೆ ಪೆಟ್ಟು ಬೀಳುವುದು ಖಂಡಿತ. ಗುಬ್ಬಿಯ ಕಿರಾಣಿ ವ್ಯಾಪಾರಿಗೆ ಕಾಲಾವಕಾಶ ಬೇಕು. ಆದರೆ ದೊಡ್ಡ ಮಳಿಗೆಗಳ ಇತಿಹಾಸ ಬೇರೆಯದನ್ನೇ ಹೇಳುತ್ತದೆ. 2014ರ ಸೆಪ್ಟೆಂಬರ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ತುಮಕೂರು ಸಮೀಪದ ವಸಂತನರಸಾಪುರದಲ್ಲಿ ಆಹಾರ ಪಾರ್ಕನ್ನು ಉದ್ಘಾಟಿಸಿದಾಗ, ಅದರ ಹಿಂದಿದ್ದ ಫ್ಯೂಚರ್ ಸಮೂಹದ ಬಿಗ್ ಬಜಾರ್ ದೇಶದಲ್ಲಿ ಅಗ್ಗದ ಬೆಲೆಯ ಇನ್ನೊಂದು ಹೆಸರಾಗಿತ್ತು. 2022ರಲ್ಲಿ ಫ್ಯೂಚರ್ ರಿಟೇಲ್ ದಿವಾಳಿ ಪ್ರಕ್ರಿಯೆಗೆ ಸರಿಯಿತು. ಅದನ್ನು ಕೆಡವಿದ್ದು ಸಾಲದ ಹೊರೆ. ಕೆಲಸಗಾರರಿಗೆ ಕೊಟ್ಟ ಸಂಬಳವಲ್ಲ. ಇತ್ತ ವಾಲ್‌ಮಾರ್ಟ್ 2015ರಲ್ಲಿ ತನ್ನ ಕನಿಷ್ಠ ಕೂಲಿಯನ್ನು ಗಂಟೆಗೆ 9 ಡಾಲರ್‌ಗೆ, ಮರುವರ್ಷ 10 ಡಾಲರ್‌ಗೆ ಏರಿಸಿತು. ಬಾಗಿಲು ಮುಚ್ಚಲಿಲ್ಲ.

ಹಾಗಾದರೆ ಆಗಬೇಕಾದ್ದೇನು? ಮೊದಲನೆಯದಾಗಿ, ಕನಿಷ್ಠ ವೇತನದ ಪರಿಷ್ಕರಣೆ ಮತ್ತು ತುಟ್ಟಿಭತ್ಯೆ ಸರ್ಕಾರಿ ನೌಕರರ ಭತ್ಯೆಯಷ್ಟೇ ನಿಯತವಾಗಿ, ಮನವಿ ಲಾಬಿಗಳಿಗೆ ಎಡೆಯಿಲ್ಲದೆ ಆಗಬೇಕು. 2020ರ ಮುಂದೂಡಿಕೆಯಂಥದ್ದು ಮರುಕಳಿಸಬಾರದು. ಎರಡನೆಯದಾಗಿ, ಸರ್ಕಾರಿ ಟೆಂಡರಿನಲ್ಲಿ ಶಾಸನಬದ್ಧ ವೇತನ, ಭವಿಷ್ಯ ನಿಧಿ, ಇಎಸ್‌ಐ ಸೇರಿದ ಮೊತ್ತಕ್ಕಿಂತ ಕಡಿಮೆ ನಮೂದಿಸಿದವನ ದರವನ್ನು ತೆರೆದ ಕೂಡಲೇ ತಿರಸ್ಕರಿಸಬೇಕು. ಮುಚ್ಚಳಿಕೆ ಪತ್ರದ ನಾಟಕ ನಿಲ್ಲಬೇಕು. ಮೂರನೆಯದಾಗಿ, ದೊಡ್ಡ ಮಳಿಗೆಗಳು ಬಿಲ್ಲು ಕೊಡುವ ಕಟ್ಟೆಯ ಬಳಿಯೇ ಅಲ್ಲಿನ ಅತಿ ಕಡಿಮೆ ಸಂಬಳವೆಷ್ಟು, ಕಾನೂನಿನ ಕನಿಷ್ಠ ವೇತನವೆಷ್ಟು ಎಂಬುದನ್ನು ಕನ್ನಡದಲ್ಲಿ ಬರೆದು ತೂಗುಹಾಕಬೇಕು. ಗುತ್ತಿಗೆಯವರ ಸಂಬಳವೂ ಅದರಲ್ಲಿರಬೇಕು. ನಾಲ್ಕನೆಯದು ಬಹಳ ಸಣ್ಣದು. ಅಂಗಡಿಗಳಲ್ಲಿ ದುಡಿಯುವವರಿಗೆ ಕುಳಿತುಕೊಳ್ಳುವ ಹಕ್ಕನ್ನು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನಿನಲ್ಲಿ ಬರೆದವು. ನಮ್ಮ ಪ್ರತಿ ಮಳಿಗೆಯ ಪ್ರತಿ ಕಟ್ಟೆಯಲ್ಲೂ ಒಂದು ಕುರ್ಚಿ ಇರುವಂತೆ ನೋಡಿಕೊಳ್ಳಲು ಸಮಿತಿಯ ವರದಿಗೆ ಕಾಯಬೇಕಿಲ್ಲ.

ನಾನು ಮುಂದಿನ ತಿಂಗಳೂ ಅದೇ ಮಳಿಗೆಗೆ ಹೋಗುತ್ತೇನೆ. ಅಲ್ಲಿ ಬೆಲೆ ಕಡಿಮೆ. ನಾನು ಮಧ್ಯಮ ವರ್ಗದವನು. ಆದರೆ ಬಿಲ್ಲಿನ ಕೆಳಗೆ ಅಚ್ಚಾಗುವ ಆ ಅಂಕಿಯನ್ನು ಇನ್ನು ಉಳಿತಾಯವೆಂದು ಮಾತ್ರ ಓದಲಾರೆ. ಅದರಲ್ಲಿ 21 ರೂಪಾಯಿಯಷ್ಟು ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿಯ ಅಂಗಡಿಯ ಪುಸ್ತಕದಲ್ಲಿ, ಆ ಹುಡುಗಿಯ ತಂದೆಯ ಹೆಸರಿನಲ್ಲಿ ಬಾಕಿಯಾಗಿ ಬಿದ್ದಿದೆ. ಅದನ್ನು ತೀರಿಸಬೇಕಾದವರು ಅವರಲ್ಲ.